ರಜಿಸ್ಟ್ರಿ ಖರ್ಚು: ಸರ್ಕಾರಕ್ಕೆಷ್ಟು, ಉಳಿದದ್ದು ಯಾರಿಗೆ?

“ರಜಿಸ್ಟ್ರಿ ಖರ್ಚು ಎಲ್ಲಾ ಕೂಡಿ ಇಷ್ಟ ಆಗ್ತದ” ಎಂದು ಮಧ್ಯವರ್ತಿ ಒಂದೇ ಮೊತ್ತ ಹೇಳಿದರೆ ತಲೆಯಾಡಿಸಬೇಡಿ. ಅದರಲ್ಲಿ ಸರ್ಕಾರಕ್ಕೆ ಹೋಗುವುದೆಷ್ಟು ಎಂದು ಬಿಡಿಸಿ ಕೇಳಿ. ಬೇರೆ ಕರಾರು ಇಲ್ಲದಿದ್ದರೆ ಖರೀದಿ ಪತ್ರದ ಮುದ್ರಾಂಕ ಶುಲ್ಕ ತುಂಬುವ ಹೊಣೆ ಕೊಳ್ಳುವವರದೇ. ಹಾಗಾಗಿ ಲೆಕ್ಕ ಕೇಳುವ ಹಕ್ಕೂ ಅವರದೇ.

ಇಳಕಲ್ಲಿನಲ್ಲಿ ಒಂದು ಮನೆ 18 ಲಕ್ಷಕ್ಕೆ ಮಾತಾಗಿದೆ, ಸರ್ಕಾರದ ಮಾರ್ಗಸೂಚಿ ಬೆಲೆಯಂತೆ ಅದರ ಮೌಲ್ಯ 20 ಲಕ್ಷ ಎಂದಿಟ್ಟುಕೊಳ್ಳಿ. ಎರಡರಲ್ಲಿ ಹೆಚ್ಚಿನದೇ ಲೆಕ್ಕಕ್ಕೆ ಹಿಡಿಯುವುದರಿಂದ ಶುಲ್ಕ 20 ಲಕ್ಷದ ಮೇಲೆ ಬೀಳುತ್ತದೆ. ಮುದ್ರಾಂಕ ಶುಲ್ಕ ಶೇ. 5, ಅಂದರೆ 1,00,000 ರೂಪಾಯಿ. ಆ ಶುಲ್ಕದ ಮೇಲೆ ಶೇ. 10 ಸೆಸ್, 10,000. ಪಟ್ಟಣವಾದ್ದರಿಂದ ಶೇ. 2 ಸರ್‌ಚಾರ್ಜ್, 2,000. ನೋಂದಣಿ ಶುಲ್ಕ ಶೇ. 2, ಅಂದರೆ 40,000. ಒಟ್ಟು 1,52,000. ಇದೇ ಮೌಲ್ಯದ ಆಸ್ತಿ ಹುನಗುಂದ ತಾಲೂಕಿನ ಹಳ್ಳಿಯಲ್ಲಿದ್ದರೆ ಸರ್‌ಚಾರ್ಜ್ ಶೇ. 3 ಆಗಿ ಸಾವಿರ ರೂಪಾಯಿ ಹೆಚ್ಚು. ಪುಟದ ಲೆಕ್ಕದ ಸ್ಕ್ಯಾನಿಂಗ್ ಶುಲ್ಕ ಬೇರೆ, ಅದು ಸಣ್ಣದು.

ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ್ದು 2025ರ ಆಗಸ್ಟ್ 31ರಿಂದ. ಹಳೆಯ ದರ ನಂಬಿ ದುಡ್ಡು ಹೊಂದಿಸಿಕೊಂಡವರು ಕಡೇ ಗಳಿಗೆಯಲ್ಲಿ ಸಾಲಕ್ಕೆ ಓಡಬೇಕಾದೀತು. ಶೇ. 2, ಶೇ. 3ರ ರಿಯಾಯಿತಿ ಮುದ್ರಾಂಕ ದರ ಎಂದು ಕೇಳಿಬರುವುದು 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮಾತ್ರ. ಸೈಟಿಗೆ, ಹೊಲಕ್ಕೆ, ಹಳೇ ಮನೆಗೆ ಇಲ್ಲ.

ಈ ಹಣವನ್ನು ಕಾವೇರಿ 2.0 ಜಾಲತಾಣದಲ್ಲೇ ತುಂಬಬಹುದು, ರಸೀದಿ ಬರುತ್ತದೆ. ರಸೀದಿ ಇಲ್ಲದ ರೂಪಾಯಿ ಸರ್ಕಾರದ ಶುಲ್ಕವಲ್ಲ. ಪತ್ರ ಬರೆದವರ ಕೂಲಿ ನ್ಯಾಯವಾದದ್ದು, ಕೊಡಿ. “ಸಾಹೇಬರಿಗೆ” ಎಂದು ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಅಧಿಕಾರಿ ಹಿಡಿದ ಬೆಲೆ ವಿಪರೀತ ಎನಿಸಿದರೆ, ಮುದ್ರಾಂಕ ಕಾಯ್ದೆಯ 45-ಎ ಕಲಮಿನಡಿ ಪ್ರಕರಣವನ್ನು ಮೌಲ್ಯ ನಿರ್ಧಾರಕ್ಕೆ ಮೇಲಕ್ಕೆ ಕಳಿಸುವಂತೆ ಕೇಳಬಹುದು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಬಾದಾಮಿಯ ಆಸ್ತಿಗೆ ಬಾಗಲಕೋಟೆಯಲ್ಲಿ ಸಹಿ ಹಾಕಿದರೂ ನಡೆಯುತ್ತದೆ.

ಶುಲ್ಕ ಉಳಿಸಲು ಬಾಂಡ್ ಮೇಲೆ ಬರೆದುಕೊಳ್ಳುವ ರೂಢಿ ಮಾತ್ರ ಬಿಡಲೇಬೇಕು. ನೂರು ರೂಪಾಯಿ ಮತ್ತು ಅದಕ್ಕೂ ಮೇಲಿನ ಸ್ಥಿರಾಸ್ತಿ ನೋಂದಣಿಯಿಲ್ಲದೆ ಮಾರಾಟವಾಗದು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಮಾಲೀಕತ್ವ ಸಿಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬಾಗಲಕೋಟೆ ನವನಗರದಲ್ಲಿ ಮುಳುಗಡೆ ಸಂತ್ರಸ್ತರ ಸೈಟು ಕೊಳ್ಳುವವರು, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಿಂದ ಆ ಕುಟುಂಬಕ್ಕೇ ಹಕ್ಕು ಬಂದಿದೆಯೇ ಎಂದು ಮೊದಲು ನೋಡಿ. ಬಾದಾಮಿಯಲ್ಲಿ ಇನ್ನೊಂದು ತೊಡಕಿದೆ: ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಶುಲ್ಕವೆಲ್ಲ ತುಂಬಿ ಕೊಂಡ ಸೈಟಿನಲ್ಲಿ ಗೋಡೆ ಎಬ್ಬಿಸಲಾಗದಂತಾದೀತು.

ನೋಂದಣಿಯಾದ ಮೇಲೂ ಕೆಲಸ ಉಳಿದಿದೆ. ಹೊಲವಾದರೆ ಪಹಣಿಯಲ್ಲಿ, ಮನೆಯಾದರೆ ನಗರಸಭೆ, ಪುರಸಭೆ ಇಲ್ಲವೇ ಪಂಚಾಯಿತಿಯ ಇ-ಖಾತೆಯಲ್ಲಿ, ಸಿಟಿ ಸರ್ವೆ ಇದ್ದಲ್ಲಿ ಆ ಉತಾರದಲ್ಲೂ ಹೆಸರು ಬದಲಾಗಿದೆಯೇ ನೋಡಿಕೊಂಡು, ಹೊಸ ಪ್ರತಿಯನ್ನು ಕೈಗೆ ಪಡೆಯಿರಿ.