ಮಾತಾಪಿತೃವಿಯೋಗದಲ್ಲಿ ವ್ರತವಿವೇಕ

ಸಂಯೋಗವಿದ್ದಲ್ಲಿ ವಿಯೋಗವೂ ಇದೆ ಎಂಬುದು ಶಾಸ್ತ್ರವನ್ನು ಓದದವರೂ ಬಲ್ಲ ಮಾತು. ಆದರೆ ಹೆತ್ತವರ ಅಗಲಿಕೆಯು ಮನೆಯ ಹೊಸ್ತಿಲಿಗೇ ಬಂದಾಗ ಆ ತಿಳಿವಳಿಕೆ ನೆರವಿಗೆ ಬರುವುದು ಸುಲಭವಲ್ಲ. ಅದರಲ್ಲಿಯೂ ಕ್ಯಾನ್ಸರಿನಂತಹ ದೀರ್ಘವ್ಯಾಧಿಯಿಂದ ತಾಯಿಯೋ ತಂದೆಯೋ ತೀರಿಕೊಂಡ ಮನೆಯಲ್ಲಿ ಶೋಕವು ಒಂಟಿಯಾಗಿ ಬರುವುದಿಲ್ಲ. ‘ಇನ್ನೂ ಏನಾದರೂ ಮಾಡಬಹುದಿತ್ತು’ ಎಂಬ ಪಶ್ಚಾತ್ತಾಪವು ಅದರ ಬೆನ್ನಿಗೇ ಬರುತ್ತದೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕುಟುಂಬಗಳಿಗೆ ಈ ರೋಗವು ನಡೆಸುವ ದಾರಿ ಅಪರಿಚಿತವಲ್ಲ. ಮೊದಲು ಊರಿನ ವೈದ್ಯರು, ಬಳಿಕ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿಯ ನವನಗರ ಇಲ್ಲವೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ. ಹಂಪಿ ಎಕ್ಸ್‌ಪ್ರೆಸ್ಸಿನ ರಾತ್ರಿಪ್ರಯಾಣ, ಶಸ್ತ್ರಚಿಕಿತ್ಸೆ, ಕಿರಣಚಿಕಿತ್ಸೆ, ಔಷಧಗಳ ಸರದಿ ಎಂದು ತಿಂಗಳುಗಳು ಕಳೆಯುತ್ತವೆ. ಆ ಅವಧಿಯಲ್ಲಿ ಮಕ್ಕಳ ಅಷ್ಟಮಿ-ಚತುರ್ದಶಿಗಳ ಉಪವಾಸ ತಪ್ಪುತ್ತದೆ. ರಾತ್ರಿಭೋಜನತ್ಯಾಗದ ನಿಯಮವು ಆಸ್ಪತ್ರೆಯ ಹಜಾರದಲ್ಲಿ ಮುರಿಯುತ್ತದೆ. ಎಲ್ಲವೂ ಮುಗಿದು ಸೂತಕವು ಕಳೆದ ಮೇಲೆ ಮಗನೋ ಮಗಳೋ ಶಕ್ತಿಮೀರಿದ ಉಪವಾಸವೊಂದನ್ನು ಹಿಡಿಯಲು ಹೊರಡುವುದುಂಟು. ಆ ಉಪವಾಸವು ತಪಸ್ಸೇ, ಅಥವಾ ತನಗೆ ತಾನೇ ವಿಧಿಸಿಕೊಂಡ ದಂಡನೆಯೇ? ಈ ವಿವೇಕವೇ ಪ್ರಸ್ತುತ ಪಾಠದ ವಿಷಯ.

1. ಶೋಕವು ಅಪರಾಧವಲ್ಲ, ಅದಕ್ಕೆ ಮೇರೆಯುಂಟು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಪ್ರಿಯರಾದವರ ಅಗಲಿಕೆಯಿಂದ ಹುಟ್ಟುವ ಇಷ್ಟವಿಯೋಗಜ ಆರ್ತಧ್ಯಾನವು ಅವುಗಳಲ್ಲಿ ಒಂದು. ವ್ರತವಿಲ್ಲದವರಿಗೆ, ಅಣುವ್ರತಿಗಳಿಗೆ ಮಾತ್ರವಲ್ಲದೆ ಪ್ರಮತ್ತಸಂಯತರಾದ ಮುನಿಗಳಿಗೂ ಅದು ಸಂಭವಿಸಬಹುದೆಂದು ಅದೇ ಅಧ್ಯಾಯವು ಒಪ್ಪುತ್ತದೆ. ಮಹಾವ್ರತಿಗಳನ್ನೂ ಮುಟ್ಟಬಲ್ಲ ದುಃಖವು ಗೃಹಸ್ಥನಿಗೆ ಬಂದರೆ ಅವನ ಶ್ರದ್ಧೆ ಕುಂದಿತೆಂದು ಯಾರೂ ಎಣಿಸಬೇಕಾಗಿಲ್ಲ.

ಆದಿತೀರ್ಥಂಕರ ವೃಷಭನಾಥರ ನಿರ್ವಾಣವಾದಾಗ ಅವರ ಮಗ ಭರತ ಚಕ್ರವರ್ತಿಯೇ ಶೋಕಾಕುಲನಾದನು. ತಂದೆಗೆ ಮೋಕ್ಷವೇ ಲಭಿಸಿತ್ತು. ಆದರೂ ಮಗನಿಗೆ ಅಗಲಿಕೆ ಅಗಲಿಕೆಯೇ ಆಯಿತು. ಜಿನಸೇನ-ಗುಣಭದ್ರರ ಮಹಾಪುರಾಣದಲ್ಲಿ ವೃಷಭಸೇನ ಗಣಧರರು ಅವನನ್ನು ಸಂತೈಸುತ್ತಾರೆ. ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ರಚಿಸಿದ ತ್ರಿಷಷ್ಟಿಶಲಾಕಾಪುರುಷಚರಿತ್ರೆಯಲ್ಲಿ ಇನ್ನೊಂದು ಸಂಗತಿಯಿದೆ. ಆ ಕಾಲದ ಜನರಿಗೆ ಅಳುವುದು ತಿಳಿದಿರಲಿಲ್ಲ. ದುಃಖವು ಎದೆಯಲ್ಲಿಯೇ ಕಟ್ಟಿ ಭರತನು ಮೂರ್ಛೆಹೋದನು. ಆಗ ಇಂದ್ರನು ಬಳಿಗೆ ಬಂದು ತಾನೇ ದನಿಯೆತ್ತಿ ಅತ್ತನು. ಅದನ್ನು ಕೇಳಿ ಭರತನಿಗೂ ಅಳು ಬಂದು ಎದೆಯ ಭಾರ ಇಳಿಯಿತು. ಲೋಕದಲ್ಲಿ ಅಳುವಿಕೆ ಆರಂಭವಾದುದೇ ಅಂದಿನಿಂದ ಎಂದು ಆ ಗ್ರಂಥವು ಹೇಳುತ್ತದೆ. ‘ಗಂಡಸಾಗಿ ಅಳುವುದೇ?’, ‘ಧರ್ಮ ಬಲ್ಲವಳು ಅಳುವುದೇ?’ ಎಂದು ಕೇಳುವ ಬಂಧುಗಳು ಈ ಪ್ರಸಂಗವನ್ನು ಮನನ ಮಾಡಬೇಕು.

ಮೇರೆ ಮೀರಿದ ಶೋಕಕ್ಕೂ ಪುರಾಣಗಳಲ್ಲಿ ನಿದರ್ಶನವಿದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಲಕ್ಷ್ಮಣನ ಮರಣವನ್ನು ಒಪ್ಪದ ರಾಮನು ಆತನ ಶವವನ್ನು ಆರು ತಿಂಗಳು ಹೊತ್ತು ತಿರುಗುತ್ತಾನೆ. ಹಿಂದೆ ಅವನಿಗೆ ಪ್ರಿಯರಾಗಿದ್ದು ದೇವರಾಗಿ ಹುಟ್ಟಿದವರು ಬಂದು, ಅವನ ಎದುರಿನಲ್ಲಿ ಒಣಮರಕ್ಕೆ ನೀರೆರೆಯುತ್ತಾರೆ, ನೀರನ್ನು ಕಡೆಯುತ್ತಾರೆ, ಮರಳನ್ನು ಗಾಣಕ್ಕೆ ಹಾಕುತ್ತಾರೆ. ಆ ಕೆಲಸಗಳು ನಿಷ್ಫಲವೆಂದು ಹೇಳಹೊರಟ ರಾಮನಿಗೆ ತನ್ನ ಭುಜದ ಮೇಲಿನ ಭಾರವು ಅರಿವಾಗುತ್ತದೆ. ಇಂದಿನ ವೈದ್ಯರೂ ಮೇರೆ ಮೀರಿದ ಶೋಕವನ್ನು ಗುರುತಿಸಿದ್ದಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಂತೆ, ಆರು ತಿಂಗಳಿಗೂ ಮೀರಿ, ಸಮಾಜದ ರೂಢಿಗೂ ಮೀರಿ ತೀವ್ರ ಶೋಕವು ಮುಂದುವರಿದು ನಿತ್ಯಜೀವನವನ್ನೇ ತಡೆದರೆ ಅದಕ್ಕೆ ಚಿಕಿತ್ಸೆ ಬೇಕು. ರಾಮನಿಗೂ ಹೊರಗಿನವರ ನೆರವು ಬೇಕಾಯಿತು. ಆದುದರಿಂದ ನೆರವನ್ನು ಕೇಳುವುದು ಹೀನವಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

2. ಶುಶ್ರೂಷೆಯೂ ತಪಸ್ಸು

ತಪಸ್ಸು ಹನ್ನೆರಡು ಬಗೆ. ಅನಶನ, ಅವಮೌದರ್ಯ, ರಸಪರಿತ್ಯಾಗ ಮೊದಲಾದ ಆರು ಬಾಹ್ಯ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರ. ಉಪವಾಸವು ಬಾಹ್ಯತಪ. ರೋಗಿಗಳ ಹಾಗೂ ಪೂಜ್ಯರ ಸೇವೆಯೆಂಬ ವೈಯಾವೃತ್ಯವು ಆಭ್ಯಂತರತಪ. ಶಾಸ್ತ್ರವು ಅದನ್ನು ಮುಖ್ಯವಾಗಿ ಮುನಿಗಳ ವಿಷಯದಲ್ಲಿ ವಿಧಿಸಿದ್ದರೂ ಅದರ ಭಾವನೆ ಗೃಹಸ್ಥನಿಗೂ ಅನ್ವಯಿಸುತ್ತದೆ.

ತಂದೆಯ ಗಾಯವನ್ನು ತೊಳೆದು, ತಾಯಿಯ ವಾಂತಿಯನ್ನು ಕೈಯಲ್ಲಿ ಹಿಡಿದು, ಆಸ್ಪತ್ರೆಯ ನೆಲದ ಮೇಲೆ ಮಲಗಿ ತಿಂಗಳುಗಳನ್ನು ಕಳೆದ ಮಕ್ಕಳು ಆ ಕಾಲದಲ್ಲಿ ಧರ್ಮದಿಂದ ದೂರವಾಗಿದ್ದರೆಂದು ಹೇಳಲಾಗದು. ತಪ್ಪಿದ ನಿಯಮಗಳಿಗೆ ಪ್ರಾಯಶ್ಚಿತ್ತವಿದೆ. ಗುರುಗಳ ಎದುರಿನಲ್ಲಿ ಆಲೋಚನೆ ಮಾಡಿ, ಅವರು ಹೇಳಿದಷ್ಟನ್ನು ಆಚರಿಸಿದರೆ ಅಲ್ಲಿಗೆ ಮುಗಿಯಿತು. ಪ್ರಾಯಶ್ಚಿತ್ತದ ಪ್ರಮಾಣವನ್ನು ಶೋಕದ ಭರದಲ್ಲಿ ತಾನೇ ನಿಶ್ಚಯಿಸಿಕೊಳ್ಳುವುದು ಕ್ರಮವಲ್ಲ.

3. ಕೊನೆಯ ದಿನಗಳ ಆಹಾರ

ಮಕ್ಕಳನ್ನು ಬಹುಕಾಲ ಬಾಧಿಸುವ ಎರಡು ಶಂಕೆಗಳಿವೆ, ಅವು ಒಂದಕ್ಕೊಂದು ವಿರುದ್ಧವಾದವು. ‘ತಾಯಿ ಉಪವಾಸವಿದ್ದೇ ಸತ್ತಳು, ನಾವು ಉಣಿಸಲಿಲ್ಲ’ ಎಂಬುದು ಮೊದಲನೆಯದು. ‘ಆಸ್ಪತ್ರೆಯ ನಳಿಕೆಗಳ ನಡುವೆ ಸತ್ತಳು, ಸಲ್ಲೇಖನೆಗೆ ಅವಕಾಶ ಕೊಡಲಿಲ್ಲ’ ಎಂಬುದು ಎರಡನೆಯದು.

ಮೊದಲನೆಯದಕ್ಕೆ ವೈದ್ಯಶಾಸ್ತ್ರವೇ ಉತ್ತರ ಕೊಡುತ್ತದೆ. ಕ್ಯಾನ್ಸರು ಮುಂದುವರಿದ ದೇಹದಲ್ಲಿ ಹಸಿವು ತಾನಾಗಿಯೇ ಇಂಗುತ್ತದೆ. ಉಂಡುದು ಮೈಗೆ ಹತ್ತುವುದಿಲ್ಲ. ಕೊನೆಯ ದಿನಗಳಲ್ಲಿ ಒತ್ತಾಯದಿಂದ ಉಣಿಸಿದರೆ ಆಯುಷ್ಯವು ಹೆಚ್ಚದು, ಉಸಿರುಗಟ್ಟುವ ಅಪಾಯವೇ ಹೆಚ್ಚು. ಅನ್ನವನ್ನು ಬಿಟ್ಟುದು ರೋಗದ ಲಕ್ಷಣ. ಅದು ಮಕ್ಕಳ ಉಪೇಕ್ಷೆಯಲ್ಲ.

ಎರಡನೆಯದಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉತ್ತರವಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಸ್ಥಿತಿಗೆ ಮುಟ್ಟಿದಾಗ ಮಾತ್ರ ಸಲ್ಲೇಖನೆ ವಿಹಿತ. ಪ್ರತೀಕಾರವಿರುವವರೆಗೆ ಚಿಕಿತ್ಸೆಯೇ ಕರ್ತವ್ಯ. ಸ್ವತಃ ಸಮಂತಭದ್ರರು ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನೆಗೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ಮೊದಲು ರೋಗವನ್ನು ಗುಣಪಡಿಸಿಕೊಳ್ಳುವಂತೆ ಕಳುಹಿಸಿದರೆಂದು ಪರಂಪರೆ ಹೇಳುತ್ತದೆ. ಸಲ್ಲೇಖನೆಯು ಸಾಧಕನು ಎಚ್ಚರದಲ್ಲಿದ್ದು, ತಾನೇ ಸಂಕಲ್ಪಿಸಿ, ಗುರುಗಳ ಅನುಜ್ಞೆಯಿಂದ ಕಷಾಯಗಳನ್ನು ತೆಳುಗೊಳಿಸುತ್ತ ಕೈಗೊಳ್ಳುವ ವ್ರತ. ಅದನ್ನು ಮಕ್ಕಳು ತಂದೆತಾಯಿಗಳಿಗೆ ‘ಕೊಡಿಸುವ’ ವಸ್ತುವಲ್ಲ. ಆದುದರಿಂದ ಕೊಡಿಸದೆ ಹೋದ ದೋಷವೂ ಅವರಿಗೆ ತಗಲದು.

ನೋವುಶಾಮಕದ ವಿಷಯವೂ ಹೀಗೆಯೇ. ಮಾರ್ಫಿನ್ ಕೊಟ್ಟುದರಿಂದ ಸಮಾಧಿಮರಣಕ್ಕೆ ಅಡ್ಡಿಯಾಯಿತೇ ಎಂದು ಕೆಲವರು ಕೊರಗುತ್ತಾರೆ. ನೋವಿನ ಚಿಂತೆಯೂ ಆರ್ತಧ್ಯಾನದ ಒಂದು ಭೇದವೇ. ನೋವು ತಗ್ಗಿದ ರೋಗಿಗೆ ಪಂಚನಮಸ್ಕಾರವನ್ನು ಕೇಳುವ ಶಾಂತಿಯಾದರೂ ದೊರೆಯುತ್ತದೆ. ಆ ಔಷಧವು ಆಸ್ಪತ್ರೆಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಸಂಸತ್ತು ಮಾದಕವಸ್ತು ಕಾಯಿದೆಯನ್ನು ತಿದ್ದಿತು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳ ಮುಖ್ಯ ಕಾರ್ಯವೂ ಈ ನೋವಿನ ಉಪಶಮನವೇ.

4. ‘ಯಾವ ಪಾಪದ ಫಲ?’ ಎಂಬ ಪ್ರಶ್ನೆ

ಅಸಾತಾವೇದನೀಯ ಕರ್ಮದ ಉದಯವು ರೋಗಕ್ಕೆ ಅಂತರಂಗ ಕಾರಣವೆಂಬುದು ಸಿದ್ಧಾಂತ. ಆದರೆ ಯಾವ ಜೀವಕ್ಕೆ ಯಾವ ಭವದ ಯಾವ ಕರ್ಮವು ಉದಯಕ್ಕೆ ಬಂದಿತೆಂಬುದು ಕೇವಲಜ್ಞಾನಿಗಳಿಗೆ ಮಾತ್ರ ಗೋಚರ. ನೆರೆಯವರು ಊಹಿಸಿ ಆಡುವ ಮಾತು ಸಿದ್ಧಾಂತವಲ್ಲ, ಪರನಿಂದೆ. ಸನತ್ಕುಮಾರ ಚಕ್ರವರ್ತಿಯು ದೀಕ್ಷೆ ತೆಗೆದುಕೊಂಡು ಉಗ್ರತಪಸ್ವಿಯಾದ ಮೇಲೆಯೇ ಘೋರರೋಗಗಳಿಗೆ ಗುರಿಯಾದನು; ಅದರಿಂದ ಅವನ ಮಹಿಮೆ ಕುಗ್ಗಲಿಲ್ಲ. ಬಹಿರಂಗ ನಿಮಿತ್ತಗಳನ್ನು ವೈದ್ಯರು ಹೇಳುತ್ತಾರೆ: ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ತಂಬಾಕು ದೊಡ್ಡ ಕಾರಣ, ಎಷ್ಟೋ ಕ್ಯಾನ್ಸರುಗಳಿಗೆ ಇಂತಹುದೇ ಕಾರಣವೆಂದು ತೋರಿಸಲಾಗದು. ಇದು ಅಂಟುರೋಗವಲ್ಲ; ಆನುವಂಶಿಕವಾಗಿ ಬರುವುದು ಸ್ವಲ್ಪಭಾಗ ಮಾತ್ರ.

5. ಹೆತ್ತವರ ಅಪೂರ್ಣ ವ್ರತ

ಅನಂತಚತುರ್ದಶಿಯ ವ್ರತವನ್ನು ಹದಿನಾಲ್ಕು ವರ್ಷ ನಡೆಸಿ ಉದ್ಯಾಪನೆ ಮಾಡುವುದು ಪದ್ಧತಿ. ತಾಯಿಯು ಹನ್ನೊಂದನೆಯ ವರ್ಷದಲ್ಲಿ ತೀರಿಕೊಂಡಳೆಂದು ಭಾವಿಸಬಹುದು. ಉಳಿದ ಮೂರು ವರ್ಷಗಳನ್ನು ಮಗಳು ನಡೆಸಿದರೆ ತಾಯಿಯ ವ್ರತವು ಪೂರ್ಣವಾಗುವುದೇ?

ಏಕತ್ವಾನುಪ್ರೇಕ್ಷೆಯ ಉತ್ತರವು ಸ್ಪಷ್ಟ. ಜೀವವು ಒಂಟಿಯಾಗಿ ಕರ್ಮವನ್ನು ಮಾಡುತ್ತದೆ, ಒಂಟಿಯಾಗಿ ಅನುಭವಿಸುತ್ತದೆ. ಒಬ್ಬರ ಪುಣ್ಯವು ಇನ್ನೊಬ್ಬರ ಲೆಕ್ಕಕ್ಕೆ ಸೇರದು. ಪಿಂಡ-ತರ್ಪಣಗಳನ್ನು ಸಿದ್ಧಾಂತವು ಒಪ್ಪದಿರುವುದೂ ಇದರಿಂದಲೇ. ಮೇಲ್ನೋಟಕ್ಕೆ ಈ ಉತ್ತರ ಕಠಿಣ. ಆದರೆ ಇದರಲ್ಲಿ ದೊಡ್ಡ ಸಾಂತ್ವನವೂ ಇದೆ. ತಾಯಿಯ ಹನ್ನೊಂದು ವರ್ಷಗಳ ಪರಿಣಾಮಶುದ್ಧಿಯು ಅವಳದೇ ಆಗಿ ಉಳಿಯಿತು. ಉದ್ಯಾಪನೆ ನಡೆಯದ ಮಾತ್ರಕ್ಕೆ ಅದು ನಷ್ಟವಾಗುವುದಿಲ್ಲ. ಮಗಳು ತೀರಿಸಬೇಕಾದ ಸಾಲವೇನೂ ಉಳಿದಿಲ್ಲ. ಅವಳು ಆ ವ್ರತವನ್ನು ಹಿಡಿಯುವುದಾದರೆ ತನ್ನದೇ ವ್ರತವಾಗಿ, ಮೊದಲನೆಯ ವರ್ಷದಿಂದ ಹಿಡಿಯಲಿ. ಆಗ ತಾಯಿಯ ಸ್ಮರಣೆಯು ಅದಕ್ಕೆ ಪ್ರೇರಣೆಯಾಗುತ್ತದೆಯೇ ಹೊರತು ಹೊರೆಯಾಗುವುದಿಲ್ಲ.

6. ತಪಸ್ಸಿಗೂ ದಂಡನೆಗೂ ಇರುವ ಭೇದ

ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಿಯೋ ಪರರಲ್ಲಿಯೋ ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಹಾಗಾದರೆ ಉಪವಾಸ, ಕೇಶಲೋಚಗಳೂ ದುಃಖವಲ್ಲವೇ ಎಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿ ಪರಿಹರಿಸಿದ್ದಾರೆ. ಕರುಣೆಯಿಂದ ಕುರುವನ್ನು ಕೊಯ್ಯುವ ವೈದ್ಯನಿಗೆ ನೋವುಂಟುಮಾಡಿದ ಪಾಪವಿಲ್ಲ. ಏಕೆಂದರೆ ಅವನಲ್ಲಿ ಕ್ರೋಧವಿಲ್ಲ. ಕ್ರೋಧಾದಿ ಕಷಾಯಗಳಿಂದ ಉಂಟುಮಾಡಿದ ದುಃಖವೇ ಬಂಧಕ್ಕೆ ಕಾರಣ.

ಈ ನ್ಯಾಯವನ್ನು ಶೋಕದ ಉಪವಾಸಕ್ಕೆ ಅನ್ವಯಿಸಿದರೆ ಸಂದೇಹವು ಉಳಿಯದು. ತನ್ನ ಮೇಲಿನ ಕೋಪದಿಂದ ಹೊಟ್ಟೆಯನ್ನು ಒಣಗಿಸಿದರೆ ಅದು ಆರ್ತಧ್ಯಾನದ ಮುಂದುವರಿಕೆ. ಶಾಂತಚಿತ್ತದಿಂದ, ಶಕ್ತಿಯರಿತು, ಗುರುಸಾಕ್ಷಿಯಾಗಿ ಹಿಡಿದರೆ ಅದು ನಿರ್ಜರೆಗೆ ಕಾರಣ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ‘ಶಕ್ತಿತಃ’, ಅಂದರೆ ಶಕ್ತಿಗೆ ತಕ್ಕಂತೆ, ಎಂದೇ ಹೇಳಿದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ದೇಹವು ಮೊದಲು ಸಂಭಾಳಿಸಿಕೊಳ್ಳಬೇಕು. ಮಧುಮೇಹಿಗಳು, ಗರ್ಭಿಣಿಯರು, ನಿತ್ಯವೂ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ತೊಡಗಬಾರದು. ಅವರಿಗೆ ಒಂದು ರಸವನ್ನು ತ್ಯಜಿಸುವ, ಒಂದು ತುತ್ತು ಕಡಿಮೆ ಉಣ್ಣುವ ದಾರಿಯೂ ಇದೆ, ಅದೂ ತಪಸ್ಸೇ.

7. ಸ್ಮರಣೆಯ ಸಾರ್ಥಕತೆ

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಾಯಿ ಪೋಚವ್ವೆಗಾಗಿ ಶ್ರವಣಬೆಳಗೊಳದಲ್ಲಿ ಕತ್ತಲೆ ಬಸದಿಯನ್ನು ಕಟ್ಟಿಸಿದುದು ಕ್ರಿ.ಶ. 1118ರ ಸುಮಾರಿನಲ್ಲಿ, ಆಕೆ ಬದುಕಿದ್ದಾಗಲೇ. ಕೆಲವೇ ವರ್ಷಗಳ ತರುವಾಯ ಆಕೆ ಸಮಾಧಿಮರಣವನ್ನು ಹೊಂದಿದಾಗ ಒಂದು ನಿಸಿದಿ ಶಾಸನವನ್ನು ಮಾತ್ರ ನಿಲ್ಲಿಸಿದನು. ದೊಡ್ಡ ಸೇವೆ ಜೀವಿತದಲ್ಲಿ, ಮರಣದ ಬಳಿಕ ಸ್ಮರಣೆ: ಮಕ್ಕಳಿಗೆ ಇದಕ್ಕಿಂತ ಉತ್ತಮ ಮೇಲ್ಪಂಕ್ತಿ ಬೇಕಿಲ್ಲ.

ಹಂಪಿಯ ಪರಿಸರದಲ್ಲಿ, ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ಜಿನಾಲಯವಿದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಚೈತ್ಯಾಲಯವದು. ಅದರ ಮುಂದಿನ ಕಂಬದ ಶಾಸನವು ಗುರುಪರಂಪರೆಯನ್ನೂ ತಂದೆ ಚೈಚನ ಹೆಸರನ್ನೂ ಹೇಳಿದ ಬಳಿಕವೇ ಮಗನ ಧರ್ಮಕಾರ್ಯವನ್ನು ಹೇಳುತ್ತದೆ. ರಾಜ್ಯವು ಅಳಿಯಿತು, ಪೇಟೆಗಳು ಪಾಳುಬಿದ್ದವು. ಧರ್ಮದೊಡನೆ ಸೇರಿದ ತಂದೆಯ ಹೆಸರು ಅಲ್ಲಿ ಉಳಿದಿದೆ.

ಎಲ್ಲರೂ ಜಿನಾಲಯವನ್ನು ಕಟ್ಟಿಸಲಾರರು, ಕಟ್ಟಿಸಬೇಕಾಗಿಯೂ ಇಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಬೆಂಗಳೂರಿಗೆ ಮೊದಲ ಬಾರಿ ಹೊರಟ ಬಡರೋಗಿಗೆ ರೈಲಿನ ಖರ್ಚು ಕೊಡುವುದು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದೆಲ್ಲಿ, ತಂಗುವುದೆಲ್ಲಿ ಎಂದು ತಿಳಿಸಿ ಜೊತೆಗೆ ಹೋಗುವುದು, ಹಗಲಿರುಳು ರೋಗಿಯ ಬಳಿ ಕುಳಿತ ನೆರೆಮನೆಯಾಕೆಗೆ ಒಂದು ದಿನದ ವಿಶ್ರಾಂತಿ ಕೊಡುವುದು: ಇವನ್ನು ಆ ದಾರಿಯಲ್ಲಿ ನಡೆದುಬಂದವರೇ ಚೆನ್ನಾಗಿ ಮಾಡಬಲ್ಲರು. ತಂದೆಯನ್ನು ಬಾಯಿಯ ಕ್ಯಾನ್ಸರಿನಿಂದ ಕಳೆದುಕೊಂಡ ಮಗನು ಆಜೀವ ತಂಬಾಕುತ್ಯಾಗದ ನಿಯಮವನ್ನು ಹಿಡಿದರೆ ಅದು ಒಂದು ತಿಂಗಳ ಉಪವಾಸಕ್ಕಿಂತ ಹೆಚ್ಚು ಬಾಳುವ ವ್ರತ.

ವರ್ಷಕ್ಕೊಮ್ಮೆ ಬರುವ ಪುಣ್ಯತಿಥಿಯಂದು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನಿತ್ಯ, ಅಶರಣ, ಏಕತ್ವಗಳನ್ನು ಮನೆಯವರು ಕೂಡಿ ಚಿಂತಿಸಲಿ. ಅಗಲಿದವರ ಗುಣವೊಂದನ್ನು ಮಕ್ಕಳಿಗೆ ಹೇಳಲಿ. ಶಕ್ತಿಯಿದ್ದವರು ಏಕಾಶನ ಮಾಡಲಿ. ಆ ಹೊತ್ತಿನಲ್ಲಿ ಕಣ್ಣೀರು ಬಂದರೆ ಬರಲಿ. ಭರತನಿಗೂ ಬಂದಿತ್ತು.

ಮನನಕ್ಕೆ ಪ್ರಶ್ನೆಗಳು

1. ಇಷ್ಟವಿಯೋಗದ ದುಃಖವು ಯಾರು ಯಾರಿಗೆ ಸಂಭವಿಸಬಹುದೆಂದು ಶಾಸ್ತ್ರವು ಹೇಳುತ್ತದೆ?
2. ವೈಯಾವೃತ್ಯಕ್ಕೂ ಅನಶನಕ್ಕೂ ಇರುವ ಭೇದವೇನು?
3. ಹಸಿವು ಇಂಗಿದ ರೋಗಿಯು ಅನ್ನವನ್ನು ಬಿಡುವುದಕ್ಕೂ ಸಲ್ಲೇಖನೆಗೂ ಇರುವ ಅಂತರವನ್ನು ವಿವರಿಸಿರಿ.
4. ಉಪವಾಸವು ಯಾವಾಗ ನಿರ್ಜರೆಗೆ, ಯಾವಾಗ ಬಂಧಕ್ಕೆ ಕಾರಣವಾಗುತ್ತದೆ? ಪೂಜ್ಯಪಾದರ ವೈದ್ಯದೃಷ್ಟಾಂತದಿಂದ ತಿಳಿಸಿರಿ.