ಸಿಂಪಡಿಸಿದ ವಿಷವು ಬದುವಿನಲ್ಲಿ ನಿಲ್ಲುವುದಿಲ್ಲ

ಚಿಕ್ಕಯ್ಯನಛತ್ರ ಹೋಬಳಿಯ ಗದ್ದೆಯಿಂದ ಬಸಿದ ನೀರು ಹಳ್ಳಕೊಳ್ಳಗಳನ್ನು ಹಾದು ಕಪಿಲೆಯನ್ನು ಸೇರಿ, ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡಿ, ಮುಂದೆ ಎಷ್ಟೋ ಊರುಗಳ ಜನರಿಗೂ ಜಾನುವಾರುಗಳಿಗೂ ಕುಡಿಯುವ ನೀರಾಗುತ್ತದೆಯೆಂಬುದನ್ನು ನೆನೆದರೆ, ಬೆಳೆಗೆ ಹೊಡೆಯುವ ಔಷಧವು ನಮ್ಮ ಜಮೀನಿಗಷ್ಟೇ ಸಂಬಂಧಿಸಿದ ವಿಷಯವಲ್ಲವೆಂಬುದು ಕೃಷಿಕ ಬಾಂಧವರಿಗೆ ಮನವರಿಕೆಯಾದೀತು.

ಇದಕ್ಕೆ ಅತ್ಯಂತ ದುಃಖಕರವಾದ ನಿದರ್ಶನವು ಕನ್ನಡಿಗರು ನೆಲಸಿರುವ ಕಾಸರಗೋಡಿನ ಎಣ್ಮಕಜೆ ಸೀಮೆಯಲ್ಲಿದೆ. ಗೇರುತೋಟಗಳನ್ನು ಬಾಧಿಸುವ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಆ ವಿಷವು ಮಳೆನೀರಿನೊಡನೆ ಜನರು ಕುಡಿಯುವ ನೀರಿಗೆ ಆಶ್ರಯಿಸಿದ್ದ ತೋಡುಗಳಿಗೂ ಗುಡ್ಡದೊಳಗೆ ಕೊರೆದ ನೀರಿನ ಸುರಂಗಗಳಿಗೂ ಇಳಿಯಿತು. ಅಂಗವಿಕಲವಾಗಿ ಹುಟ್ಟಿದ ಕರುಗಳನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು ಮೊದಲು ಎಚ್ಚರಿಸಿದರು. ಪಡ್ರೆ, ಸ್ವರ್ಗ ಮೊದಲಾದ ಊರುಗಳ ಮನೆಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ಗುರುತಿಸಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ಸಂಕಟವು ಕಾಣಿಸಿತು. ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದುದು 2011ರ ಮೇ 13ರಂದು.

ಈ ವಿಷವು ನೀರಿನಲ್ಲಿ ಅಲ್ಪವಾಗಿಯೂ ಕೊಬ್ಬಿನಲ್ಲಿ ಸುಲಭವಾಗಿಯೂ ಕರಗುವುದರಿಂದ ಪ್ರಾಣಿಗಳ ಮೇದಸ್ಸಿನಲ್ಲಿ ನೆಲೆನಿಂತು, ಹಾಲಿನ ಮೂಲಕ ಶಿಶುವಿಗೂ ಸೇರಬಲ್ಲುದು. ಕೀಟವನ್ನು ಕೊಲ್ಲುವ ನರಮಂಡಲದ ಆಘಾತವೇ ಮನುಷ್ಯನಲ್ಲಿ ಸೆಳವಾಗಿ ತೋರುತ್ತದೆ. ಮೀನುಗಳಿಗಾದರೋ ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಎಂಡೋಸಲ್ಫಾನ್ ಇದ್ದರೂ ಪ್ರಾಣಾಂತಿಕ.

ಇಂದು ಅಂಗಡಿಯಲ್ಲಿ ದೊರೆಯುವ ಔಷಧಗಳು ಬೇರೆಯಾದರೂ ಅನುಸರಿಸಬೇಕಾದ ವಿವೇಕವು ಅದೇ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಮೊದಲು ನೋಡಿರಿ: ಕೆಂಪು ಅತ್ಯಂತ ತೀಕ್ಷ್ಣ ವಿಷವನ್ನು ಸೂಚಿಸಿದರೆ, ಹಳದಿ, ನೀಲಿ, ಹಸಿರುಗಳು ಕ್ರಮವಾಗಿ ಕಡಿಮೆ ತೀಕ್ಷ್ಣತೆಯನ್ನು ಸೂಚಿಸುತ್ತವೆ. ಹಸಿರಿರುವುದು ನಿರಪಾಯವೆಂದು ಭಾವಿಸಲಾಗದು. ಹೇಳಿದ ಪ್ರಮಾಣವನ್ನು ಮೀರದೆ, ಕೈಗವುಸು, ಮುಖವಸ್ತ್ರಗಳನ್ನು ಧರಿಸಿ, ಗಾಳಿಗೆ ಎದುರಾಗಿ ನಿಲ್ಲದೆ, ಜೇನುನೊಣಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಸಿಂಪಡಿಸುವುದು ಯುಕ್ತ. ಔಷಧ ಹಾಕಿದ ಬತ್ತದ ಗದ್ದೆಯ ನೀರನ್ನು ಕೆಲವು ದಿನ ಹೊರಗೆ ಬಿಡಬಾರದು. ದನಗಳಿಗೆ ಅದನ್ನು ಕುಡಿಸಬಾರದು, ಆ ಬದುವಿನ ಹುಲ್ಲನ್ನೂ ಹಾಕಬಾರದು. ಸಿಂಪಡಣೆಯ ಯಂತ್ರವನ್ನು ನಾಲೆಯಲ್ಲಾಗಲಿ ಕೆರೆಯಲ್ಲಾಗಲಿ ತೊಳೆಯಕೂಡದು. ಖಾಲಿ ಡಬ್ಬಿಯನ್ನು ಮೂರು ಬಾರಿ ಗಲಬರಿಸಿ, ಆ ನೀರನ್ನು ಸಿಂಪಡಣೆಯ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತುಮಾಡಿ, ಮನೆಬಳಕೆಗೆ ಒದಗದಂತೆ ಮಾಡಬೇಕು. ಸಿಂಪಡಣೆಗೂ ಕೊಯ್ಲಿಗೂ ನಡುವೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನಗಳ ಅಂತರವಿರಲಿ.

ವಿಷವಿಲ್ಲದೆ ನೀಗುವಲ್ಲಿ ವಿಷವನ್ನು ಬಳಸದಿರುವುದೇ ಎಲ್ಲಕ್ಕಿಂತ ಶ್ರೇಯಸ್ಕರ. ಐದು ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿಯೆಲ್ಲ ನೆನೆಸಿ, ಸೋಸಿ, ನೂರು ಲೀಟರ್ ನೀರಿಗೆ ಬೆರೆಸಿದ ಕಷಾಯ, ದೀಪದ ಬಲೆ, ಮೋಹಕ ಬಲೆ ಇವುಗಳಿಂದ ಕೀಟಬಾಧೆಯನ್ನು ಆರಂಭದಲ್ಲಿಯೇ ಹಿಡಿತಕ್ಕೆ ತರಬಹುದು. ಈ ಬಗೆಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಸಲಹೆ ಪಡೆಯಿರಿ.

ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ಅತಿಬೆವರು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಬಟ್ಟೆ ಬದಲಿಸಿ, ಮೈಯನ್ನು ಸೋಪಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧದ ಲೇಬಲ್ಲನ್ನು ತಪ್ಪದೆ ಜೊತೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರು ಅದಕ್ಕೆ ತಕ್ಕ ಚಿಕಿತ್ಸೆಯನ್ನು ಬೇಗನೆ ಆರಂಭಿಸಬಲ್ಲರು.