ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ: ಒಂದು ಮರುಬೋಧನೆಯ ಪಾಠ

ತರಗತಿ: 9 (ವೃತ್ತಿಶಿಕ್ಷಣ, ಆಟೊಮೊಬೈಲ್)
ಪಾಠಾಂಶ: ಸವೆದ ಸಸ್ಪೆನ್ಷನ್ ಬುಶ್ ಬದಲಾಯಿಸುವುದು
ಅವಧಿ: 40 ನಿಮಿಷ, ಮರುಬೋಧನೆಗೆ ಇನ್ನೊಂದು 40 ನಿಮಿಷ

ಅಭ್ಯಾಸ ಬೋಧನೆಯ ಮೂರನೆಯ ವಾರ. ವೀಕ್ಷಣಾ ಪುಸ್ತಕ ಹಿಡಿದು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಗೆ ಈ ಕೆಲಸ ಕೈಯಾರೆ ಗೊತ್ತಿತ್ತು. ಮನೆಯ ಹಳೆಯ ಮಾರುತಿ 800ಕ್ಕೆ ಅಣ್ಣನ ಜೊತೆ ಸೇರಿ ತಾವೇ ಲೋಯರ್ ಆರ್ಮ್ ಬುಶ್ ಹಾಕಿದ್ದರು. ಆಗ ಬಿಚ್ಚಿ ತೆಗೆದ ಹಳೆಯ ಬುಶ್ಶನ್ನೇ ಬೋಧನೋಪಕರಣವಾಗಿ ತಂದಿದ್ದರು. ಕಪ್ಪುಹಲಗೆಯ ಮೇಲೆ ಹನ್ನೆರಡು ಹಂತಗಳು, ಪಕ್ಕದಲ್ಲಿ ಅಚ್ಚುಕಟ್ಟಾದ ಚಿತ್ರ. ಪ್ರಶ್ನೆಗಳು ಹಿಂದಿನ ಸಾಲಿನವರೆಗೂ ಹೋದವು. ಗಂಟೆ ಬಾರಿಸಲು ಐದು ನಿಮಿಷವಿದ್ದಾಗ ಎರಡನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಸರ್, ಬೋಲ್ಟ್ ಅಷ್ಟು ಬಿಗಿ ಮಾಡಿಬಿಟ್ರೆ ಆರ್ಮ್ ಮೇಲೆ ಕೆಳಗೆ ಆಡೋದು ಹೆಂಗೆ?"

"ಬೋಲ್ಟ್ ಸುತ್ತ ಬುಶ್ ತಿರುಗುತ್ತಪ್ಪ, ಬಾಗಿಲ ಕೀಲಿನ ಹಾಗೆ."

ಹುಡುಗ ಕೂತ. 'ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಸ್ಪಂದನೆ' ಎಂಬಲ್ಲಿ ನಾನು 'ಉತ್ತಮ' ಎಂದು ಬರೆದೆ.

ಆ ಉತ್ತರ ತಪ್ಪು, ನನ್ನ ಷರಾ ಕೂಡ ತಪ್ಪು. ಗೊತ್ತಾದದ್ದು ಸಂಜೆ ಹಿಮ್ಮಾಹಿತಿಗೆ ಕೂತಾಗ. ಮಾತಿನ ನಡುವೆ ಅವರು, ತಾವು ಹಾಕಿದ ಹೊಸ ಬುಶ್ ವರ್ಷ ತುಂಬುವುದರೊಳಗೆ ಹರಿದುಹೋಯಿತು, ಬಹುಶಃ ಡೂಪ್ಲಿಕೇಟ್ ಮಾಲು ಎಂದರು. ಮೇಜಿನ ಮೇಲಿದ್ದ ಹಳೆಯ ಬುಶ್ಶನ್ನು ಅವರ ಕೈಗೆ ಕೊಟ್ಟು, ತಿರುಗಿಸಿ ತೋರಿಸಿ ಎಂದೆ. ಒಳಗಿನ ಕೊಳವೆಗೆ ಬೋಲ್ಟ್ ತೂರಿಸಿ ಹಿಡಿದು ತಿರುವಿದರು. ಸ್ವಲ್ಪ ಬಗ್ಗಿತು, ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೆ ಬಂತು. ಒಂದು ಸುತ್ತೂ ತಿರುಗಲಿಲ್ಲ. ಇಬ್ಬರೂ ಸುಮ್ಮನಾದೆವು.

ಈ ಬುಶ್‌ನ ರಚನೆ ಸರಳ. ಹೊರಗೆ ಉಕ್ಕಿನ ಒಂದು ಕೊಳವೆ, ಒಳಗೆ ಇನ್ನೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಬೆಸೆದುಕೊಂಡ ರಬ್ಬರ್. ಹೊರಕೊಳವೆ ಆರ್ಮ್‌ನ ಕಣ್ಣಿನಲ್ಲಿ ಒತ್ತಿ ಕೂತಿರುತ್ತದೆ. ಒಳಕೊಳವೆ ಹೊರಗಿನದಕ್ಕಿಂತ ತುಸು ಉದ್ದ. ಬೋಲ್ಟ್ ಬಿಗಿದಾಗ ಬಾಡಿಯ ಬ್ರ್ಯಾಕೆಟ್‌ನ ಎರಡು ಕಿವಿಗಳ ನಡುವೆ ಅದು ಅಲ್ಲಾಡದಂತೆ ಸಿಕ್ಕಿಕೊಳ್ಳುತ್ತದೆ. ಅಂದರೆ ಒಳಭಾಗ ಬಾಡಿಯ ಪಾಲು, ಹೊರಭಾಗ ಆರ್ಮ್‌ನ ಪಾಲು. ಚಕ್ರ ಗುಂಡಿಗೆ ಇಳಿದು ಹತ್ತುವ ಅಷ್ಟೂ ಚಲನೆಯನ್ನು ನಡುವಿನ ರಬ್ಬರ್ ತಿರುಚಿಕೊಂಡು ತಾಳಿಕೊಳ್ಳುತ್ತದೆ. ಇಲ್ಲಿ ಜಾರುವ ಮೇಲ್ಮೈ ಎಂಬುದೇ ಇಲ್ಲ. ಆದ್ದರಿಂದ ಎಣ್ಣೆ, ಗ್ರೀಸು ಬೇಡ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸ್ಟೆಬಿಲೈಸರ್ ಬಾರ್ ಹಿಡಿದಿಡುವ ಡಿ ಆಕಾರದ ರಬ್ಬರ್ ಬೇರೆ ಜಾತಿ. ಸಾಮಾನ್ಯವಾಗಿ ಅದು ಬೆಸೆದದ್ದಲ್ಲ, ಸರಳು ಅದರೊಳಗೆ ಜಾರಬಲ್ಲದು. ಅಂಗಡಿಯಲ್ಲಿ ಎರಡಕ್ಕೂ 'ಬುಶ್' ಎಂದೇ ಹೆಸರು. ಮಕ್ಕಳ ಗೊಂದಲಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮನೆಯ ಕಾರಿನ ಬುಶ್ ಹರಿದದ್ದೇಕೆ? ಗಾಡಿ ಜಾಕಿಯ ಮೇಲಿದ್ದಾಗ, ಚಕ್ರ ಜೋತುಬಿದ್ದ ಸ್ಥಿತಿಯಲ್ಲೇ ಅಣ್ಣತಮ್ಮಂದಿರು ಬೋಲ್ಟನ್ನು ಪೂರ್ತಿ ಬಿಗಿದಿದ್ದರು. ರಬ್ಬರ್‌ನ ತಿರುಚಿಲ್ಲದ ಸ್ಥಿತಿ ಆ ಜೋತುಬಿದ್ದ ಕೋನದಲ್ಲೇ ನಿಂತುಬಿಟ್ಟಿತು. ಗಾಡಿ ನೆಲಕ್ಕಿಳಿದೊಡನೆ, ಒಂದಡಿಯೂ ಓಡುವ ಮೊದಲೇ, ರಬ್ಬರ್ ತಿರುಚಿಕೊಂಡಾಗಿತ್ತು. ನಿಲ್ಲಿಸಿದ ರಾತ್ರಿಯಲ್ಲೂ ಅದಕ್ಕೆ ಬಿಡುವಿಲ್ಲ. ಮಾಲು ಡೂಪ್ಲಿಕೇಟ್ ಇದ್ದರೂ ಇರಬಹುದು, ಆದರೆ ಅಸಲಿ ಹಾಕಿದ್ದರೂ ಹೀಗೆ ಬಿಗಿದರೆ ಬಾಳಿಕೆ ಕಡಿಮೆಯೇ.

ಕಪ್ಪುಹಲಗೆಯ ಹನ್ನೆರಡು ಹಂತಗಳಲ್ಲಿ ಹನ್ನೊಂದನೆಯದು 'ಎಲ್ಲ ಬೋಲ್ಟ್‌ಗಳನ್ನು ಬಿಗಿಮಾಡುವುದು', ಹನ್ನೆರಡನೆಯದು 'ಗಾಡಿಯನ್ನು ಇಳಿಸುವುದು'. ಈ ಎರಡು ಸಾಲು ಅದಲುಬದಲಾಗಬೇಕಿತ್ತು. ಅದಲುಬದಲಾದರೂ ನೋಡುವವರಿಗೆ ಕೆಲಸ ಒಂದೇ ಥರ ಕಾಣುತ್ತದೆ. ನಟ್ ಕೂತಿದೆ, ಸದ್ದು ನಿಂತಿದೆ, ಗಾಡಿ ಓಡುತ್ತಿದೆ. ತಪ್ಪು ಹೊರಬೀಳುವುದು ತಿಂಗಳುಗಳ ಮೇಲೆ.

ಮರುಬೋಧನೆಗೆ ಉಪಕರಣ ಮಾಡಿದ್ದು ಹಳೆಯ ಹವಾಯಿ ಚಪ್ಪಲಿಯಿಂದ. ಅಟ್ಟೆಯಿಂದ ರೂಪಾಯಿ ನಾಣ್ಯಕ್ಕಿಂತ ದೊಡ್ಡ ನಾಲ್ಕು ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಒಂದರ ಮೇಲೊಂದು ಅಂಟಿಸಿ, ತೂತಿಗೆ ಬಾಲ್‌ಪೆನ್ನಿನ ಕೊಳವೆ ತೂರಿಸಿ, ಚಮ್ಮಾರರು ಬಳಸುವ ರಬ್ಬರ್ ಅಂಟು ಹಾಕಿ ಒಂದು ರಾತ್ರಿ ಬಿಟ್ಟರು. ಹೊರಗೆ ಪಿವಿಸಿ ಪೈಪಿನ ತುಂಡು, ಅದಕ್ಕೂ ಅಂಟು. ಮುಖದ ಮೇಲೆ ಪೆನ್ನಿನಿಂದ ಪೈಪಿನವರೆಗೆ ಬಿಳಿ ಬಣ್ಣದ ನೇರ ಗೆರೆ. ಖರ್ಚು ಅಂಟಿನ ಟ್ಯೂಬಿನದು ಮಾತ್ರ.

ಎರಡನೆಯ ಅವಧಿಯ ಪೀಠಿಕೆ ಪಾಠಯೋಜನೆಯ ಯಾವ ನಮೂನೆಯಲ್ಲೂ ಇಲ್ಲದ್ದು. "ಮೊನ್ನೆ ನೀನು ಕೇಳಿದ ಪ್ರಶ್ನೆಗೆ ನಾನು ಹೇಳಿದ್ದು ತಪ್ಪು ಕಣಪ್ಪ. ಈಗ ನೀನೇ ಬಂದು ತಿರುಗಿಸು" ಎಂದು ಆ ಹುಡುಗನನ್ನೇ ಕರೆದರು. ಪೆನ್ನು ತಿರುವಿದಾಗ ಗೆರೆ ಬಿಲ್ಲಿನಂತೆ ಬಾಗಿತು, ಬಿಟ್ಟಾಗ ನೇರವಾಯಿತು. ಉಳಿದವರ ಕೈಗೂ ಹೋಯಿತು. ಒಬ್ಬಳು ಬಲವಾಗಿ ತಿರುವಿ ಅಂಟು ಬಿಡಿಸಿದಳು. ಅದನ್ನೂ ಪಾಠಕ್ಕೆ ಬಳಸಿಕೊಂಡರು: ಸವೆದ ಬುಶ್‌ಗಳಲ್ಲಿ ಆಗುವುದು ಇದೇ, ರಬ್ಬರ್ ಲೋಹದಿಂದ ಬಿಟ್ಟುಕೊಳ್ಳುತ್ತದೆ ಅಥವಾ ನಡುವೆ ಸೀಳುತ್ತದೆ. ಆಗ ಹಂಪ್ ಮೇಲೆ ಟಕ್ಕೆಂಬ ಸದ್ದು, ಬ್ರೇಕ್ ಹಾಕಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ಟೈರ್ ಒಂದಂಚಿನಲ್ಲಿ ಸವೆಯುವುದು. ಸದ್ದೊಂದನ್ನೇ ನಂಬಬಾರದು, ಬಾಲ್ ಜಾಯಿಂಟ್ ಸವೆದರೂ ಅದೇ ಸದ್ದು ಬರುತ್ತದೆ.

ಮುಂದಿನದು ಅಳತೆಯ ಕೆಲಸ. ಆರ್ಮ್ ಉದ್ದ 30 ಸೆಂ.ಮೀ., ಗಾಡಿ ನಿಂತಾಗ ಅದು ನೆಲಕ್ಕೆ ಸಮಾನಾಂತರ, ಜಾಕಿ ಎತ್ತಿದಾಗ ಅದರ ಹೊರತುದಿ 8 ಸೆಂ.ಮೀ. ಕೆಳಗಿಳಿಯುತ್ತದೆ ಎಂದು ಹಿಡಿದುಕೊಂಡರು. ಇವು ಲೆಕ್ಕಕ್ಕಾಗಿ ತೆಗೆದುಕೊಂಡ ಅಂಕಿಗಳು, ಯಾವ ಕಾರಿನವೂ ಅಲ್ಲ. ಅರ್ಧ ಅಳತೆಯಲ್ಲಿ ಚಿತ್ರ ಬರೆದು ಕೋನಮಾಪಕ ಇಟ್ಟಾಗ 15 ಡಿಗ್ರಿಯ ಆಸುಪಾಸು ಬಂತು (ತಪ್ಪು ಸಾಲು ಓದಿದವನಿಗೆ 165). ಉಬ್ಬಿನ ಮೇಲೆ ಹೊರತುದಿ 6 ಸೆಂ.ಮೀ. ಮೇಲೇರಿದರೆ ಸುಮಾರು 12 ಡಿಗ್ರಿ. ಗಾಡಿ ನಿಂತ ಮಟ್ಟದಲ್ಲಿ ಬಿಗಿದಿದ್ದರೆ ರಬ್ಬರ್‌ಗೆ ಆಗ ಬೀಳುವ ತಿರುಚು 12 ಡಿಗ್ರಿ ಮಾತ್ರ. ಗಾಳಿಯಲ್ಲಿ ಬಿಗಿದಿದ್ದರೆ 15 ಮತ್ತು 12 ಕೂಡಿ 27. ಈ ಕೂಡಿಕೆಯನ್ನು ಮಕ್ಕಳೇ ಮಾಡಿದರು, ಹೇಳಿಕೊಡಬೇಕಾಗಲಿಲ್ಲ.

ಉಳಿದ ಹಂತಗಳನ್ನು ಈ ಬಾರಿ ಬೇಗ ಮುಗಿಸಿದರು. ಗಟ್ಟಿ, ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು, ವೀಲ್ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸುವುದು. ಒಂದು ಕಡೆ ಮಾತ್ರ ನಿಂತರು: ಜಾಕಿ ಇರುವುದು ಎತ್ತಲು, ಹೊರಲು ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸವಿಲ್ಲ. ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ಮಲಗಿಸಿಡಬೇಕು. ಹಾಗೆಯೇ ಗಾಡಿಯ ರಚನೆ ನೋಡಿಯೇ ಕೈಹಾಕಬೇಕು. ಮಾರುತಿ 800ರಂಥ ಮ್ಯಾಕ್‌ಫರ್ಸನ್ ಸ್ಟ್ರಟ್ ಗಾಡಿಯಲ್ಲಿ ಸ್ಪ್ರಿಂಗ್ ಸ್ಟ್ರಟ್‌ನಲ್ಲೇ ಬಂಧಿಯಾಗಿರುವುದರಿಂದ ಆರ್ಮ್ ಬಿಚ್ಚಿದರೆ ಅದು ಸಿಡಿಯುವುದಿಲ್ಲ. ಸ್ಪ್ರಿಂಗ್ ನೇರವಾಗಿ ಕೆಳಗಿನ ಆರ್ಮ್ ಮೇಲೆ ಕೂತಿರುವ ಗಾಡಿಗಳಲ್ಲಿ ಆರ್ಮ್ ಕಳಚಿದರೆ ಪ್ರಾಣಕ್ಕೇ ಅಪಾಯ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಬುಶ್ ಹೊರತೆಗೆಯಲು ಸುತ್ತಿಗೆ ಬೇಡ, ವೈಸ್ ಸಾಕು. ಒಂದು ಕಡೆ ಬುಶ್ ಒಳಗಿಳಿಯುವಷ್ಟು ದೊಡ್ಡ ಸಾಕೆಟ್, ಇನ್ನೊಂದು ಕಡೆ ಹೊರಕೊಳವೆಯ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಒತ್ತುವುದು. ಹೊಸದನ್ನು ಒತ್ತುವಾಗಲೂ ಬಲ ಹೊರಕೊಳವೆಯ ಮೇಲೇ ಬೀಳಬೇಕು. ಒಳಕೊಳವೆ ಒತ್ತಿದರೆ ಬೆಸುಗೆ ಅಲ್ಲೇ ಹರಿಯುತ್ತದೆ. ಕೆಲವು ಬುಶ್‌ಗಳ ರಬ್ಬರ್‌ನಲ್ಲಿ ಕಿಂಡಿಗಳಿದ್ದು, ಅವು ಇಂಥದೇ ದಿಕ್ಕಿಗೆ ಇರಬೇಕು. ಹಳೆಯದನ್ನು ತೆಗೆಯುವ ಮೊದಲೇ ಆರ್ಮ್ ಮೇಲೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ರಬ್ಬರ್ ಸುಟ್ಟು ತೆಗೆಯುವ ಅಭ್ಯಾಸವನ್ನು ಕೆಲವು ಮಕ್ಕಳು ಕಂಡಿದ್ದರು. ಆ ಹೊಗೆ ಕುಡಿಯುವಂಥದ್ದಲ್ಲ ಎಂದಷ್ಟೇ ಹೇಳಿ ಮುಂದೆ ಹೋದರು. ನನ್ನ ಪ್ರಕಾರ ಅಲ್ಲಿ ಇನ್ನೆರಡು ಮಾತು ಬೇಕಿತ್ತು.

ಜೋಡಣೆಯಲ್ಲಿ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಟ್ಟು, ಆಮೇಲೆ ಬುಶ್ ಬೋಲ್ಟನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ನೆಲದ ಮೇಲಿದ್ದಾಗ ಸ್ಪ್ಯಾನರ್ ಹೋಗದಿದ್ದರೆ, ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಜಾಕಿಯಿಂದ ಆರ್ಮ್‌ನ ಹೊರತುದಿಯನ್ನು ನಿಂತ ಮಟ್ಟಕ್ಕೆ ಎತ್ತಿ ಬಿಗಿಯಬಹುದು. ಅದಕ್ಕೆ ಕೆಲಸದ ಮೊದಲೇ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗಿನ ಅಂತರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಂಡಿರಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ನೋಡಿಸುವುದು.

ಮೌಲ್ಯಮಾಪನದ ಪ್ರಶ್ನೆಯನ್ನೂ ಬದಲಿಸಿದೆವು. ಮೊದಲ ಪಾಠದಲ್ಲಿದ್ದದ್ದು 'ಬುಶ್ ಬದಲಾಯಿಸುವ ಹಂತಗಳನ್ನು ಬರೆಯಿರಿ'. ಹಲಗೆಯ ಹನ್ನೆರಡು ಸಾಲು ನೆನಪಿಟ್ಟವರಿಗೆಲ್ಲ ಅದರಲ್ಲಿ ಪೂರ್ಣ ಅಂಕ, ತಪ್ಪು ಕ್ರಮಕ್ಕೇ. ಈಗಿನ ಪ್ರಶ್ನೆ ಹೀಗಿದೆ: 'ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಬಿಗಿದು ಗಾಡಿ ಇಳಿಸಲಾಗಿದೆ. ಬುಶ್ ಮುಖದ ಮೇಲಿನ ಬಿಳಿ ಗೆರೆ ಈಗ ಹೇಗೆ ಕಾಣುತ್ತದೆ? ಚಿತ್ರ ಬರೆಯಿರಿ.' ನೇರ ಗೆರೆ ಎಳೆದವರಿಗೆ ಇನ್ನೂ ಅರ್ಥವಾಗಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಅವಧಿ ಮುಗಿಯುವಾಗ ಅದೇ ಹುಡುಗ ಮತ್ತೆ ಎದ್ದ. "ಸರ್, ಐದು ಜನ ಕೂತ್ರೆ ಗಾಡಿ ಇನ್ನೂ ಇಳಿಯುತ್ತಲ್ಲ, ಅವಾಗ ಯಾವ ಮಟ್ಟ ಸರಿ?" ಪ್ರಶಿಕ್ಷಣಾರ್ಥಿ ಒಂದು ಗಳಿಗೆ ಯೋಚಿಸಿ, "ಕೈಪಿಡಿ ನೋಡಿ ನಾಳೆ ಹೇಳ್ತೀನಿ" ಎಂದರು. ಮರುದಿನ ಹೇಳಿದರು ಕೂಡ: ಕೈಪಿಡಿಗಳು ಸಾಮಾನ್ಯವಾಗಿ ಕೇಳುವುದು ಜನ, ಸಾಮಾನು ಇಲ್ಲದ ಖಾಲಿ ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮಟ್ಟ, ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಆ ಗಾಡಿಗೆ ಅದೇ ಅಳತೆ.